ಗಾಳಿಯೂರಿಗೆ ಹೋದ ಕೆಂಚ

ಉಳ್ಳೂರ್, ತಿರುವನಂತಪುರ
೧೩ ಜನವರಿ ೧೯೯೭

ಪ್ರೀತಿಯ ಅಚ್ಯುತನಿಗೆ ಅಕ್ಕನ ಆಶೀರ್ವಾದಗಳು.

ನಿನ್ನೆ ಭಾನುವಾರ ಬೆಳಿಗ್ಗೆ ಇಲ್ಲಿಯ ಕನ್ನಡ ಸಂಘದವರು ಬೆಂಗಳೂರಿನಿಂದ ಪ್ರಿಂಟ್ ತರಿಸಿ ‘ಗಾಳಿಯೂರು’ ಸಿನಿಮಾ ತೋರಿಸಿದರು. ಹೌದು, ಅದೇ ‘ಗಾಳಿಯೂರು’. ಊಟವಾದ ಮೇಲೆ ಅಪ್ಪ ನಮಗಿಬ್ಬರಿಗೂ ಓದಿ ಹೇಳುತ್ತಿದ್ದದ್ದು, ಕರೆಂಟು ಹೋದರೆ ಬಾಯಿಪಾಠದಿಂದಲೇ ಮುಂದುವರಿಸುತ್ತಿದ್ದದ್ದು. ನಾನು ಬೆಳಿಗ್ಗೆಯೇ ಅಡುಗೆ ಮುಗಿಸಿ, ರೇಷ್ಮೆ ಸೀರೆಯುಟ್ಟು, ಮದುವೆಮನೆಗೆ ಹೊರಟವಳ ಹಾಗೆ ಹೋಗಿದ್ದೆ.

ನನಗೆ ಹಿಡಿಸಲಿಲ್ಲ ಕಣೋ. ಮೊಂಡಬಾಲ ನರಿಯನ್ನು ನಾವು ಏನೆಂದುಕೊಂಡಿದ್ದೆವು! ಇಲ್ಲಿ ಒಬ್ಬ ದಪ್ಪ ಮನುಷ್ಯ ಕಂದು ಕಂಬಳಿ ಹೊದ್ದು ಕುಣಿಯುತ್ತಾನೆ. ಮಾತಾಡುವಾಗ ಮುಖವಾಡದ ಕೆಳಗೆ ಅವನ ಸ್ವಂತ ಮೀಸೆ ಕಾಣುತ್ತದೆ. ಬೆಳ್ಳಿ ತನ್ನ ತಮ್ಮ ಕೆಂಚನನ್ನು ಹುಡುಕಿಕೊಂಡು ಗಾಳಿಯ ಜೊತೆ ಮೇಲಕ್ಕೇರುವ ಜಾಗದಲ್ಲಿ ಸೊಂಟದ ತಂತಿ ಪಳಪಳ ಹೊಳೆಯಿತು. ನಿಮ್ಮ ಭಾವನಿಗೆ ಮಾತ್ರ ಅದು ಬಹಳ ಮೆಚ್ಚುಗೆಯಾಯಿತು. “ರಾಟೆ ಚೆನ್ನಾಗಿ ಕಟ್ಟಿದ್ದಾರೆ ಕಣೆ, ಹುಡುಗಿ ಸ್ವಲ್ಪಾನೂ ಓಲಾಡ್ತಿಲ್ಲ” ಎಂದು ಕತ್ತಲಲ್ಲೇ ಹೇಳಿದರು. ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡುವವರ ಹತ್ತಿರ ಕಥೆಯ ಅಭಿಪ್ರಾಯ ಕೇಳಬಾರದು. ಗಾಳಿಯೂರಿನಲ್ಲಿ ಯಾರ ಕಾಲೂ ನೆಲಕ್ಕೆ ತಾಗುವುದಿಲ್ಲ, ಜೇಬಿನ ತುಂಬ ಕಲ್ಲು ಇಟ್ಟುಕೊಂಡವರು ಮಾತ್ರ ಕೆಳಗಿಳಿಯಬಹುದು ಎಂದು ಅಪ್ಪ ಓದಿದಾಗ ನಮ್ಮ ಮೈ ಜುಮ್ಮೆನ್ನುತ್ತಿತ್ತು. ಸಿನಿಮಾದಲ್ಲಿ ಆ ಜಾಗಕ್ಕೊಂದು ಹಾಡು ಹಾಕಿದ್ದಾರೆ.

ನಿಮ್ಮ ಸಂಘದವರೂ ಪ್ರಿಂಟ್ ಕೇಳಿದ್ದಾರೆ ಎಂದು ಇಲ್ಲಿ ಯಾರೋ ಹೇಳಿದರು. ಕಾರ್ಯದರ್ಶಿ ನೀನೇ ತಾನೆ? ಬೇಡವೆಂದುಬಿಡು. ಒಂದು ಒಳ್ಳೆಯ ಹಾಸ್ಯದ ಸಿನಿಮಾ ತರಿಸು, ಜನ ನಕ್ಕು ಮನೆಗೆ ಹೋಗಲಿ.

ಪ್ರೇಮ ಹೇಗಿದ್ದಾಳೆ? ಸರಿಯಾಗಿ ಊಟ ಮಾಡುತ್ತಾಳೆಯೆ? ನಿಮ್ಮ ಮನೆಗೆ ಫೋನು ಯಾವಾಗ ಬರುತ್ತದೋ. ಬ್ಯಾಂಕಿಗೆ ಮಾಡಿದರೆ ನಿನ್ನ ಹಿಂದೆ ಹತ್ತು ಜನ ನಿಂತಿರುತ್ತಾರೆ, ನೀನು “ಹ್ಞಾಂ, ಹ್ಞೂಂ” ಬಿಟ್ಟು ಇನ್ನೇನೂ ಹೇಳುವುದಿಲ್ಲ.

ಇತಿ,
ಕುಸುಮಕ್ಕ


ಪಾಲಾರಿವಟ್ಟಂ, ಕೊಚ್ಚಿ
೧೮ ಜನವರಿ ೧೯೯೭

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ನಕ್ಕೆ. ಮೀಸೆಯಿರುವ ನರಿಯನ್ನು ನೋಡಲೇಬೇಕು ಅನ್ನಿಸಿತು. ನೀನು ಯಾವತ್ತೂ ಹೀಗೆಯೇ. ಅಪ್ಪ ಒಂದು ಪದ ಬಿಟ್ಟು ಓದಿದರೂ “ಅಪ್ಪಾ, ತಪ್ಪು” ಎನ್ನುತ್ತಿದ್ದೆ.

ಪ್ರಿಂಟ್ ಬರುವುದು ನಿಶ್ಚಯವಾಗಿದೆ. ಫೆಬ್ರವರಿ ಒಂಬತ್ತು, ಭಾನುವಾರ. ನಮ್ಮ ಅಧ್ಯಕ್ಷರು ಕೃಷ್ಣಾನಂದರು ಹಾಲ್ ಕೂಡ ಗೊತ್ತುಮಾಡಿ ಆಯಿತು. ಸಿನಿಮಾ ಮುಗಿದ ಮೇಲೆ ಅಲ್ಲೇ ಕೂತು ಎಲ್ಲರೂ ಅಭಿಪ್ರಾಯ ಹೇಳಬೇಕೆಂದು ಅವರ ಆಸೆ.

ಇನ್ನೊಂದು ವಿಷಯ. ಬರುವ ಮಾರ್ಚಿಗೆ ನಮ್ಮ ಮಗು ಆಕರ್ಷ ಹೋಗಿ ಎರಡು ವರ್ಷವಾಗುತ್ತದೆ. ಅಂದಿನಿಂದ ಪ್ರೇಮ ತರಕಾರಿಗೆ, ದೇವಸ್ಥಾನಕ್ಕೆ ಬಿಟ್ಟರೆ ಎಲ್ಲಿಗೂ ಹೊರಟವಳಲ್ಲ. ಸಂಘದ ಯುಗಾದಿಗೂ ಬರಲಿಲ್ಲ. ಮೊನ್ನೆ ನಾನು ಆಮಂತ್ರಣದ ವಿಳಾಸ ಬರೆಯುತ್ತ ಕೂತಿದ್ದಾಗ ಹಿಂದೆ ಬಂದು ನಿಂತಳು. ಸಿನಿಮಾದ ಹೆಸರು ಓದಿದಳು. “ನಾನೂ ಬರ್ತೀನಿ” ಎಂದಳು. ಅಷ್ಟೇ. ಅವನಿಗೆ ಎಷ್ಟು ಸಲ ಓದಿ ಹೇಳಿದ್ದಾಳೋ ಆ ಕಥೆಯನ್ನು. ಬೀದಿಯ ಬಾಲವಿಲ್ಲದ ನಾಯಿಗೆ ಅವನು ಮೊಂಡಬಾಲ ಎಂದು ಹೆಸರಿಟ್ಟಿದ್ದ, ನಿನಗೆ ನೆನಪಿರಬಹುದು.

ಮನೆಯಲ್ಲಿ ನಾವಿಬ್ಬರೂ ಅವನ ಹೆಸರು ಎತ್ತುವುದಿಲ್ಲ. ಎತ್ತಿದರೆ ಅವಳು ತಡೆದುಕೊಳ್ಳಲಾರಳು. ಹೀಗೆಯೇ ದಿನ ಸಾಗುತ್ತಿದೆ, ಅದೇ ಒಳ್ಳೆಯದು ಎಂದುಕೊಂಡಿದ್ದೇನೆ. ಪುಸ್ತಕದಲ್ಲಿ ಬೆಳ್ಳಿ ತನ್ನ ಜೇಬಿನ ಕಲ್ಲುಗಳಲ್ಲಿ ಅರ್ಧ ಕೆಂಚನಿಗೆ ಕೊಟ್ಟು ಇಬ್ಬರೂ ಕೈಹಿಡಿದು ಮನೆಯಂಗಳಕ್ಕೆ ಇಳಿಯುತ್ತಾರಲ್ಲ, ಅದನ್ನು ನೋಡಿ ಅವಳು ಒಂದು ಸಲ ನಕ್ಕರೆ ಸಾಕು. ನರಿಗೆ ಮೀಸೆಯಿದ್ದರೂ ಚಿಂತೆಯಿಲ್ಲ.

ಭಾವನಿಗೆ ನಮಸ್ಕಾರ. ಮಹತಿಗೂ ಶ್ರೇಯಸ್ಸಿಗೂ ಮುದ್ದು.

ಇತಿ,
ಅಚ್ಯುತ


ಉಳ್ಳೂರ್
೨೪ ಜನವರಿ ೧೯೯೭

ಪ್ರೀತಿಯ ಅಚ್ಯುತ,

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆಯಲು ಕೂತೆ, ಹರಿದು ಹಾಕಿದೆ. ಇದು ಮೂರನೆಯದು.

ಪ್ರೇಮ ಹೊರಗೆ ಹೊರಡುತ್ತೇನೆ ಎಂದದ್ದು ಬಹಳ ಸಂತೋಷ. ಆದರೆ ಈ ಸಿನಿಮಾಕ್ಕೆ ಬೇಡ. ಸುಭಾಷ್ ಪಾರ್ಕಿಗೆ ಕರೆದುಕೊಂಡು ಹೋಗು, ಫೋರ್ಟ್ ಕೊಚ್ಚಿಗೆ ದೋಣಿಯಲ್ಲಿ ಹೋಗಿ ಬನ್ನಿ. ಈ ಸಿನಿಮಾದಲ್ಲಿ ಸದ್ದು ಬಹಳ. ಬಿರುಗಾಳಿಯ ದೃಶ್ಯದಲ್ಲಿ ನನಗೇ ತಲೆ ಸಿಡಿಯಿತು, ಅವಳಿಗೆ ಮೊದಲೇ ತಲೆನೋವು. ಕಥೆಯನ್ನೂ ಅಲ್ಲಲ್ಲಿ ತಿರುಚಿದ್ದಾರೆ. ಪುಸ್ತಕವನ್ನು ಅಷ್ಟು ಪ್ರೀತಿಸಿದವರು ನೋಡಬಾರದು. ನಮ್ಮ ಸಂಘದಲ್ಲಿ ಅರ್ಧ ಜನ ಬೈದರು. ಹೊಗಳಿದವರು ಪುಸ್ತಕ ಓದದವರು.

ನಮ್ಮ ಮನೆಯಲ್ಲಿ ಮಹತಿಗೆ ಮಾತ್ರ ಇಷ್ಟವಾಯಿತು. “ನಲ್ಲ ಪಡಂ” ಎಂದು ಒಳ್ಳೆಯ ಸಿನಿಮಾದ ಸರ್ಟಿಫಿಕೇಟು ಕೊಟ್ಟಿದ್ದಾಳೆ. ಅವಳು ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರ ಕೊಡುವುದು ಹಾಗೆಯೇ ನಡೆದಿದೆ.

ನನ್ನ ಮಾತು ಕೇಳು. ನೀನು ಬೇಕಾದರೆ ಹೋಗು, ಕಾರ್ಯದರ್ಶಿ ಹೋಗಲೇಬೇಕು. ಪ್ರೇಮ ಮನೆಯಲ್ಲಿರಲಿ. ಯಾಕೆ ಏನು ಎಂದು ಕೇಳಬೇಡ.

ಇತಿ,
ಕುಸುಮಕ್ಕ


ಪಾಲಾರಿವಟ್ಟಂ
೧ ಫೆಬ್ರವರಿ ೧೯೯೭

ಅಕ್ಕ,

ಬ್ಯಾಂಕಿನಲ್ಲೇ ಕೂತು ಈ ಇನ್‌ಲ್ಯಾಂಡ್ ಬರೆಯುತ್ತಿದ್ದೇನೆ, ಚುಟುಕಾಗಿದ್ದರೆ ಬೇಸರಪಡಬೇಡ.

ನನಗೆ ಅರ್ಥವಾಗುತ್ತಿಲ್ಲ. ಒಂದು ಸಿನಿಮಾ ಪುಸ್ತಕದ ಹಾಗಿಲ್ಲವೆಂದು ನಿನಗೆ ಇಷ್ಟು ಸಂಕಟವೆ? ಎರಡು ವರ್ಷದಿಂದ ಗೋಡೆ ನೋಡುತ್ತ ಕೂತಿದ್ದವಳು ತಾನಾಗಿ ಎದ್ದು ಬರುತ್ತೇನೆ ಎಂದಿದ್ದಾಳೆ. ಅವಳನ್ನು ಮನೆಯಲ್ಲೇ ಕೂರಿಸು ಎಂದು ನೀನು ಹೇಳುತ್ತೀಯಲ್ಲ. ನೀನು ಈ ಎರಡು ವರ್ಷದಲ್ಲಿ ಅವಳನ್ನು ನೋಡಿರುವುದಾದರೂ ಎಷ್ಟು? ಭಾವ ಕೆಲಸಕ್ಕೆಂದು ಬಂದಾಗ ಎರಡು ಸಲ ಮನೆಗೆ ಬಂದು ಕಾಫಿ ಕುಡಿದು ಹೋದರು. ನೀನು ಬರಲಿಲ್ಲ. ಮಕ್ಕಳೂ ಬರಲಿಲ್ಲ. ನಾವು ಅಲ್ಲಿಗೆ ಬರಲಾರೆವು, ಯಾಕೆಂದು ನಿನಗೆ ಗೊತ್ತು. ನಿಮ್ಮ ಮನೆಗೆ ಬರುವ ದಾರಿಯಲ್ಲೇ ಆ ಆಸ್ಪತ್ರೆಯಿದೆ. ಇಲ್ಲಿಂದ ಆಂಬುಲೆನ್ಸಿನಲ್ಲಿ ಅವನನ್ನು ಕರೆದೊಯ್ದು, ಮಿದುಳು ಜ್ವರ ಇಳಿಯಬಹುದೆಂದು ನಾವು ಕಾದು ಕೂತದ್ದು ಅಲ್ಲಿಯೇ. ಆದರೆ ನೀನು ಬರಬಹುದಿತ್ತು.

ಪ್ರೇಮ ನಿನ್ನೆ ಸೀರೆಗೆ ಇಸ್ತ್ರಿ ಮಾಡಿಟ್ಟಿದ್ದಾಳೆ. ನಾವು ಹೋಗುತ್ತೇವೆ.

ಅಚ್ಯುತ


ಉಳ್ಳೂರ್
೧೭ ಫೆಬ್ರವರಿ ೧೯೯೭

ಪ್ರೀತಿಯ ಅಚ್ಯುತ,

ಒಂಬತ್ತನೇ ತಾರೀಖು ಕಳೆದು ವಾರವಾಯಿತು. ದಿನಾ ಪೋಸ್ಟ್‌ಮ್ಯಾನನ ಸೈಕಲ್ಲಿನ ಸದ್ದಿಗೆ ಎದ್ದು ಹೋಗುತ್ತಿದ್ದೇನೆ. ಬುಧವಾರ ತಡೆಯಲಾರದೆ ಬೂತಿನಿಂದ ಬ್ಯಾಂಕಿಗೆ ಫೋನು ಮಾಡಿದೆ. “ಸಾರ್ ಲೀವಿಲಾಣ್” ಎಂದರು. ಯಾಕೆ ರಜೆ ಎಂದರೆ ಅವರಿಗೂ ಗೊತ್ತಿಲ್ಲ. ಶುಕ್ರವಾರ ಮತ್ತೆ ಮಾಡಿದೆ, ಬಂದಿದ್ದಾರೆ, ಹೊರಗೆ ಹೋಗಿದ್ದಾರೆ ಎಂದರು. ನೀನು ವಾಪಸ್ಸು ಫೋನು ಮಾಡಲಿಲ್ಲ.

ಏನಾಯಿತೋ ಅಚ್ಯುತ? ಪ್ರೇಮ ಹೇಗಿದ್ದಾಳೆ?

ನನಗೆ ಆ ಸಿನಿಮಾದ ಕೊನೆ ಗೊತ್ತಿತ್ತು. ಅದಕ್ಕೇ ಅಷ್ಟು ಹೇಳಿದೆ. ಕೆಂಚ ವಾಪಸ್ಸು ಬರುವುದಿಲ್ಲ ಎಂದು ನಾನು ಹೇಗೆ ಬರೆಯಲಿ? ನಿನಗೆ, ನನ್ನ ಕೈಯಿಂದ? ಪೆನ್ನು ಹಿಡಿದು ಕೂತಾಗಲೆಲ್ಲ ನರಿಯ ಮೀಸೆ, ತಲೆನೋವು, ಇಂಥವೇ ಬಂದವು. ಆ ದಿನ ಸಿನಿಮಾ ಮುಗಿಸಿ ಆಟೋದಲ್ಲಿ ಬರುವಾಗ ಮಹತಿ ಕೇಳಿದಳು: “ಅಮ್ಮೇ, ಕೆಂಚನ್ ಅವಿಡೆ ಒಟ್ಟಕ್ಕಾಣೋ?” ಅವನು ಅಲ್ಲಿ ಒಬ್ಬನೇ ಇರುತ್ತಾನಾ ಅಂತ. ಅವಳು ಯಾರನ್ನು ನೆನೆದು ಕೇಳಿದಳೆಂದು ನನಗೆ ಗೊತ್ತು. ಅವಳಿಗೂ ಆಕರ್ಷನಿಗೂ ಆರು ತಿಂಗಳು ಅಂತರ. ಆಗಲೇ ನಿಶ್ಚಯಿಸಿದೆ, ಪ್ರೇಮ ಇದನ್ನು ನೋಡಬಾರದು ಎಂದು.

ಬೈಯುವುದಿದ್ದರೆ ಬೈದು ಬರೆ. ಸುಮ್ಮನಿರಬೇಡ.

ಇತಿ,
ಅಕ್ಕ


ಪಾಲಾರಿವಟ್ಟಂ
೨೩ ಫೆಬ್ರವರಿ ೧೯೯೭

ಅಕ್ಕನಿಗೆ,

ಫೋನು ಬಂದದ್ದು ಗೊತ್ತಾಯಿತು. ಬೇಕೆಂದೇ ಮಾಡಲಿಲ್ಲ. ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು, ನಾನು ಆ ಪ್ರಿಂಟನ್ನು ಸ್ಟೇಷನ್ನಿನಿಂದಲೇ ವಾಪಸ್ಸು ಕಳಿಸುತ್ತಿದ್ದೆ. ಇಂದು ಭಾನುವಾರ, ಮನೆಯಲ್ಲಿ ಸಮಯವಿದೆ, ಎಲ್ಲವನ್ನೂ ಬರೆಯುತ್ತೇನೆ.

ಸಿನಿಮಾ ನಡೆಯುವಷ್ಟು ಹೊತ್ತೂ ನಾನು ಪ್ರೇಮಳ ಮುಖ ನೋಡುತ್ತಿದ್ದೆ. ನರಿಯನ್ನು ಕಂಡು ನಗಲಿಲ್ಲ. ಹಾಡಿಗೆ ಆಕಳಿಸಿದಳು. ಬೆಳ್ಳಿ ಗಾಳಿಯೂರಿಗೆ ಹೋಗಿ ಕೆಂಚನನ್ನು ಕಂಡು, ಕಲ್ಲು ಕೊಟ್ಟಾಗ ನಾನು ನೆಟ್ಟಗೆ ಕೂತೆ. ಈಗ ಇಳಿಯುತ್ತಾರೆ, ಈಗ ಅವಳು ನಗುತ್ತಾಳೆ ಎಂದುಕೊಂಡೆ. ಆ ಹುಡುಗ ಕಲ್ಲುಗಳನ್ನು ಜೇಬಿಗೆ ಹಾಕಿಕೊಂಡ. ಅಕ್ಕನ ಮುಖ ನೋಡಿದ. ಆಮೇಲೆ ಒಂದೊಂದನ್ನೇ ತೆಗೆದು ವಾಪಸ್ಸು ಅವಳ ಕೈಗೆ ಇಡತೊಡಗಿದ. ನಗುತ್ತಲೇ ಇದ್ದ, ಅಕ್ಕ. ಪ್ರೇಮಳ ಕೈ ಹಿಡಿದು “ಏಳು, ಹೋಗೋಣ” ಎಂದೆ. ಅವಳು ಕೈ ಬಿಡಿಸಿಕೊಂಡಳು.

ಬೆಳ್ಳಿ ಒಬ್ಬಳೇ ಇಳಿದು ಬರುತ್ತಾಳೆ. ತಾಯಿ ಬಾವಿಕಟ್ಟೆಯ ಹತ್ತಿರ ನಿಂತಿದ್ದಾಳೆ. ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಅವಳು ಕೇಳುವುದಿಲ್ಲ. “ಅಲ್ಲಿ ಚಳಿಯೇನಮ್ಮಾ?” ಎನ್ನುತ್ತಾಳೆ. ಬೆಳ್ಳಿ “ಗೊತ್ತಾಗಲಿಲ್ಲಮ್ಮ, ನಗ್ತಿದ್ದ” ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ದೀಪ ಹಾಕಿದರು. ಎದ್ದು ಹೋಗೋಣವೆಂದರೆ ನಾನು ಕಾರ್ಯದರ್ಶಿ. ಕೃಷ್ಣಾನಂದರು ಮೈಕು ಹಿಡಿದು, “ಈಗ ಪ್ರೇಕ್ಷಕರ ಅಭಿಪ್ರಾಯ” ಎಂದರು. ಒಬ್ಬರು ನರಿಯನ್ನು ಬೈದರು, ಇನ್ನೊಬ್ಬರು ಸಂಗೀತವನ್ನು. ಆಮೇಲೆ ನಮ್ಮ ಇಂದುಮತಿಯವರು ಎದ್ದರು. “ಮಕ್ಕಳಿಗೆ ಅಂತ ತೆಗೆದ ಸಿನಿಮಾದಲ್ಲಿ ಮಗು ಮನೆಗೇ ಬರಲ್ಲ ಅಂದ್ರೆ ಏನ್ರೀ ಅರ್ಥ? ಪುಸ್ತಕದಲ್ಲಿ ಎಷ್ಟು ಚೆನ್ನಾಗಿ ಬರ್ತಾನೆ! ನೋಡೋಕೇ ಅಪಶಕುನ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೃಷ್ಣಾನಂದರಿಗೆ ಹುರುಪು ಬಂತು. “ಹಾಗಾದ್ರೆ ನಿರ್ಮಾಪಕರಿಗೆ ಒಂದು ಖಂಡನೆ ಪತ್ರ ಕಳಿಸೋಣ. ಕೊನೆ ಬದಲಾಯಿಸಿ ಅಂತ. ಯಾರದಾದರೂ ಆಕ್ಷೇಪಣೆ ಇದೆಯೇ?” ಎಂದು ಕೇಳಿದರು.

ಪ್ರೇಮ ಎದ್ದು ನಿಂತಳು.

ನಾನು ಸೆರಗು ಹಿಡಿದೆಳೆದೆ. ಅವಳು ನನ್ನ ಕಡೆ ನೋಡಲಿಲ್ಲ. ಮೈಕು ಕೊಡಲು ಬಂದರು, ಬೇಡವೆಂದು ಕೈಯಾಡಿಸಿದಳು. “ಬದಲಾಯಿಸಬೇಡಿ” ಎಂದಳು. ಮೊದಲು ಅಷ್ಟೇ ಹೇಳಿದ್ದು. ಇಂದುಮತಿಯವರು, “ಯಾಕಮ್ಮ?” ಎಂದರು, ಮೃದುವಾಗಿಯೇ.

“ಆ ತಾಯಿ ಕೇಳಿದ್ಳಲ್ಲ, ಅಲ್ಲಿ ಚಳಿಯಾ ಅಂತ. ನಾನೂ ಅದನ್ನೇ ಕೇಳ್ಕೋತೀನಿ. ದಿನಾ ಕೇಳ್ಕೋತೀನಿ. ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಯಾರ ಹತ್ರಾನೂ ಹೇಳಿರಲಿಲ್ಲ.” ನಾನೆಳೆದ ಸೆರಗು ಸರಿಮಾಡಿಕೊಂಡಳು. “ನನ್ನ ಮಗನ ಹೆಸರು ಆಕರ್ಷ. ಹೋಗಿ ಎರಡು ವರ್ಷ ಆಗ್ತಾ ಬಂತು. ನಮ್ಮನೇಲಿ ಅವನ ಹೆಸರು ಯಾರೂ ಹೇಳೋದಿಲ್ಲ.”

ಅಕ್ಕ, ಆ ಸಭೆಯಲ್ಲಿ ನನಗೆ ತಲೆ ಎತ್ತಲಾಗಲಿಲ್ಲ. ನಾನು ಅವಳಿಗಾಗಿ ಸುಮ್ಮನಿದ್ದೆ. ಅವಳು ನನಗಾಗಿ ಸುಮ್ಮನಿದ್ದಳಂತೆ. ಅವಳು ಕೂತ ಮೇಲೆ ಇಂದುಮತಿಯವರು ಸಾಲು ದಾಟಿ ಬಂದು ಅವಳ ಪಕ್ಕ ಕೂತರು. ಕೃಷ್ಣಾನಂದರು ಮೈಕು ಆರಿಸಿ, “ಕಾಫಿ ಕುಡಿಯೋಣ” ಎಂದರು. ಖಂಡನೆಯ ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದ ಮೇಲೆ ಅವಳು ಮಾತಾಡತೊಡಗಿದಳು, ನಿಲ್ಲಿಸಲೇ ಇಲ್ಲ. ಮೂರು ದಿನ ರಜೆ ಹಾಕಿದೆ. ಅವನ ಹಠ, ಅವನ ಮೀನಿನ ಆಕಾರದ ದೋಸೆ, ಆಂಬುಲೆನ್ಸಿನಲ್ಲಿ ಅವನು ಕೊನೆಗೆ ಕೇಳಿದ ನೀರು, ಎಲ್ಲವೂ ಬಂದವು. ನನಗೆ ಕೇಳಲು ಕಷ್ಟವಾಗುತ್ತಿತ್ತು. ಒಮ್ಮೆ ಎದ್ದು ಹೊರಗೆ ಹೋದೆ. ವಾಪಸ್ಸು ಬಂದಾಗ ಬಿಟ್ಟಲ್ಲಿಂದಲೇ ಮುಂದುವರಿಸಿದಳು.

ಮಂಗಳವಾರ, “ಅವನ ಸ್ಕೂಲಿಗೆ ಹೋಗೋಣ” ಎಂದಳು. ಎಡಪ್ಪಳ್ಳಿಗೆ ಹೋದೆವು. ಅವನ ಒಂದನೇ ಕ್ಲಾಸಿನ ಟೀಚರ್ ಇನ್ನೂ ಅಲ್ಲಿದ್ದಾರೆ. ನಮ್ಮನ್ನು ಕಂಡು ಅವರ ಕಣ್ಣು ತುಂಬಿತು, ಆಮೇಲೆ ನಕ್ಕರು. ನಮಗೆ ಗೊತ್ತಿಲ್ಲದ್ದೊಂದು ಹೇಳಿದರು. ನಮ್ಮವನು ಊಟದ ಬಿಡುವಿನಲ್ಲಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ಗಾಳಿಯೂರಿನ ಕಥೆ ಹೇಳುತ್ತಿದ್ದನಂತೆ, ಮಲಯಾಳದಲ್ಲಿ! ನರಿಯ ದನಿಯಲ್ಲೇ ಮಾತಾಡುತ್ತಿದ್ದನಂತೆ. ಅವನ ಕಥೆ ಕೇಳಿ ಇಡೀ ಕ್ಲಾಸು ಜೇಬಿಗೆ ಅಂಗಳದ ಕಲ್ಲು ತುಂಬಿಕೊಂಡು ಬರುತ್ತಿತ್ತು, ಮಧ್ಯಾಹ್ನ ಮಧ್ಯಾಹ್ನ ಎಲ್ಲರ ಜೇಬು ಖಾಲಿ ಮಾಡಿಸುವುದೇ ತನ್ನ ಕೆಲಸವಾಗಿತ್ತು ಎಂದರು ಟೀಚರ್. ಪ್ರೇಮ ಆ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ನಕ್ಕಳು. ಅತ್ತಳು ಕೂಡ, ಆದರೆ ನಕ್ಕದ್ದು ನಾನು ಕೇಳಿದೆ.

ಇದಿಷ್ಟು. ನೀನು ಬರೆಯದೆ ಇದ್ದದ್ದಕ್ಕೆ ಸಿಟ್ಟು ಮಾಡಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ಹಾಗೆಯೇ ಇರಲಿ ಬಿಡು.

ಅಚ್ಯುತ


ಉಳ್ಳೂರ್
೨ ಮಾರ್ಚ್ ೧೯೯೭

ಪ್ರೀತಿಯ ಅಚ್ಯುತ,

ನಿನ್ನ ಕಾಗದವನ್ನು ನಿಮ್ಮ ಭಾವನಿಗೆ ಓದಿ ಹೇಳಲು ಹೋದೆ, ಸ್ಕೂಲಿನ ಭಾಗಕ್ಕೆ ಬಂದಾಗ ಕಾಗದ ಮಡಚಿಟ್ಟೆ. ಉಳಿದದ್ದನ್ನು ಅವರೇ ತೆಗೆದುಕೊಂಡು ಓದಿದರು. ಓದಿ ವರಾಂಡಕ್ಕೆ ಹೋಗಿ ನಿಂತರು. ಆ ಮನುಷ್ಯ ರಾಟೆಯ ವಿಷಯ ಬಿಟ್ಟು ಇನ್ನೇನೂ ಗಮನಿಸಿರಲಿಲ್ಲ ಎಂದುಕೊಂಡಿದ್ದೆ. “ಆ ಹುಡುಗ ಕಲ್ಲು ವಾಪಸ್ಸು ಕೊಡೋವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ ಕಣೆ” ಎಂದರು.

ನನ್ನಿಂದ ತಪ್ಪಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಮತ್ತೆ ಅಂಥದ್ದೇ ಬಂದರೆ ನಾನು ಹಾಗೆಯೇ ಮಾಡಿಯೇನು. ನನಗೆ ಇಷ್ಟೇ ತಿಳಿಯುವುದು.

ಪ್ರೇಮಳನ್ನು ನೋಡಬೇಕೆನ್ನಿಸುತ್ತಿದೆ. ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂತು. ಅದು ಮುಗಿದ ಮೇಲೆ ನಾನೊಬ್ಬಳೇ ಒಂದು ದಿನ ಬಂದು ಹೋಗುತ್ತೇನೆ. ಮಕ್ಕಳನ್ನು ಭಾವ ನೋಡಿಕೊಳ್ಳುತ್ತಾರೆ.

ಇತಿ,
ಅಕ್ಕ


ಪಾಲಾರಿವಟ್ಟಂ
೧೦ ಮಾರ್ಚ್ ೧೯೯೭

ಅತ್ತಿಗೆಯವರಿಗೆ ಪ್ರೇಮ ಮಾಡುವ ನಮಸ್ಕಾರಗಳು.

ನಾನು ನಿಮಗೆ ಕಾಗದ ಬರೆದು ಬಹಳ ಕಾಲವಾಯಿತು. ಅಕ್ಷರ ಚೆನ್ನಾಗಿಲ್ಲದಿದ್ದರೆ ಕ್ಷಮಿಸಿ.

ಮೊದಲು ಸಿನಿಮಾದ ಮಾತು. ನನಗೆ ಅದು ಬಹಳ ಇಷ್ಟವಾಯಿತೆಂದು ಇವರೂ ಸಂಘದವರೂ ತಿಳಿದುಕೊಂಡಿದ್ದಾರೆ. ಇಂದುಮತಿಯವರು ಈಗ ಎಲ್ಲರ ಹತ್ತಿರ ಅದನ್ನು ಹೊಗಳುತ್ತಿದ್ದಾರೆ, ನನ್ನ ಮುಖ ನೋಡಿಕೊಂಡು. ನಿಜ ಹೇಳಬೇಕೆಂದರೆ ಸಿನಿಮಾ ಚೆನ್ನಾಗಿಲ್ಲ ಅತ್ತಿಗೆ. ನರಿಯ ವಿಷಯ ನೀವು ಬರೆದದ್ದು ಸರಿ. ನನಗೆ ಬೇಕಾಗಿದ್ದದ್ದು ಆ ತಾಯಿಯ ಒಂದು ಮಾತು. ಹಾಗೆಂದು ಪುಸ್ತಕದ ಕೊನೆಯನ್ನೂ ನಾನು ಬಿಟ್ಟುಕೊಡುವುದಿಲ್ಲ. ಅವನು ನನ್ನ ಪಕ್ಕ ಮಲಗಿ ಕೇಳುತ್ತಿದ್ದಾಗ ಕೆಂಚ ಪ್ರತಿ ಸಲವೂ ಮನೆಗೆ ಬಂದಿದ್ದಾನೆ. ಅದೂ ನಡೆದದ್ದೇ.

ಈಗ ಇನ್ನೊಂದು ಮಾತು. ನೀವು ದೊಡ್ಡವರು, ಕೇಳಬಾರದೇನೋ. ನೀವೊಬ್ಬರೇ ಬಂದು ಹೋಗುತ್ತೇನೆಂದು ಬರೆದಿದ್ದೀರಿ. ಮಹತಿಯನ್ನು ಯಾಕೆ ಕರೆತರುವುದಿಲ್ಲ? ಎರಡು ವರ್ಷದಿಂದ ಕೇಳಬೇಕೆಂದಿದ್ದೆ. ಮಗು ಹೋದ ಮನೆಗೆ ನಿಮ್ಮ ಮಕ್ಕಳನ್ನು ಕಳಿಸಲು ನಿಮಗೆ ಭಯವೇನೋ, ನನ್ನ ಕಣ್ಣು ತಾಗುತ್ತದೆ ಎಂದೇನೋ ಎಂದು ನಾನು ಅಂದುಕೊಂಡಿದ್ದೆ. ರಾತ್ರಿಗಳೆಲ್ಲ ಅದನ್ನೇ ಯೋಚಿಸಿ ನಿಮ್ಮನ್ನು ಮನಸ್ಸಿನಲ್ಲಿ ಬೈದಿದ್ದೇನೆ. ಹಾಗಲ್ಲ, ನನಗೆ ನೋವಾಗುತ್ತದೆಂದು ಅಕ್ಕ ಕರೆತರುತ್ತಿಲ್ಲ ಎಂದು ಮೊನ್ನೆ ಇವರು ಹೇಳಿದರು. ಯಾವುದು ನಿಜವೋ ನೀವೇ ಹೇಳಬೇಕು.

ಎರಡನೆಯದೇ ನಿಜವಾದರೆ ನನ್ನದೊಂದು ಬೇಡಿಕೆ. ಮಹತಿ ಈಗ ಎಷ್ಟು ಎತ್ತರವಾಗಿದ್ದಾಳೆ ಎಂದು ನನಗೆ ನೋಡಬೇಕು. ಅವನು ಇದ್ದಿದ್ದರೆ ಎಷ್ಟಾಗಿರುತ್ತಿದ್ದ ಎಂದು ನನಗೆ ಬೇರೆ ಹೇಗೆ ತಿಳಿಯಬೇಕು? ನನಗೆ ನೋವಾಗುತ್ತದೆ. ಆಗಲಿ. ರಜೆಗೆ ಕಳಿಸಿಕೊಡಿ.

ಇತಿ ನಿಮ್ಮ,
ಪ್ರೇಮ


ಉಳ್ಳೂರ್
೧೬ ಮಾರ್ಚ್ ೧೯೯೭

ಪ್ರೀತಿಯ ಪ್ರೇಮ,

ಎರಡನೆಯದೇ ನಿಜ. ದೇವರಾಣೆಗೂ ಎರಡನೆಯದೇ ನಿಜ ಕಣಮ್ಮ.

ನಿನ್ನ ಎದುರಿಗೆ ನನ್ನ ಮಕ್ಕಳನ್ನು ನಿಲ್ಲಿಸಿ ಅವರ ಕೂದಲು ಬಾಚುವುದು, ಊಟ ಮಾಡಿ ಎಂದು ಗದರುವುದು, ನನ್ನಿಂದಾಗುತ್ತಿರಲಿಲ್ಲ. ಅದಕ್ಕೆ ಬರಲಿಲ್ಲ. ಅವರ ಫೋಟೋ ಕಳಿಸಲಿಲ್ಲ. ಮಹತಿ ಡಾನ್ಸಿನಲ್ಲಿ ಬಹುಮಾನ ತಂದದ್ದನ್ನೂ ಬರೆಯಲಿಲ್ಲ. ಅದನ್ನು ನೀನು ಹೀಗೆ ತಿಳಿದುಕೊಂಡಿರುತ್ತೀ ಎಂದು ನನ್ನ ಕನಸಿನಲ್ಲೂ ಬರಲಿಲ್ಲ. ನಿನ್ನ ಕಾಗದ ಓದಿ ನಾನು ಅತ್ತದ್ದನ್ನು ನೋಡಿ ಶ್ರೇಯಸ್ ಹೆದರಿ ಪಕ್ಕದ ಮನೆಯ ಚೇಚಿಯನ್ನು ಕರೆದುಕೊಂಡು ಬಂದ.

ಏಪ್ರಿಲ್ ಹನ್ನೆರಡರ ವೇಣಾಡ್ ರೈಲಿನಲ್ಲಿ ಇಬ್ಬರನ್ನೂ ಭಾವ ಕರೆತಂದು ಬಿಡುತ್ತಾರೆ. ಎರಡು ವಾರ ಇರಲಿ. ಮಹತಿ ರಾತ್ರಿ ಹಾಲು ಕುಡಿಯುವುದಿಲ್ಲ, ಬಲವಂತ ಮಾಡು. ಶ್ರೇಯಸ್ ಮುಟ್ಟಿದ್ದನ್ನೆಲ್ಲ ಮುರಿಯುತ್ತಾನೆ. ಎರಡೇಟು ಕೊಟ್ಟರೂ ನಾನು ಯಾಕೆಂದು ಕೇಳುವುದಿಲ್ಲ.

ಇತಿ,
ಕುಸುಮ


ಪಾಲಾರಿವಟ್ಟಂ
೨೨ ಏಪ್ರಿಲ್ ೧೯೯೭

ಅಕ್ಕನಿಗೆ ನಮಸ್ಕಾರ.

ಮಕ್ಕಳು ಚೆನ್ನಾಗಿದ್ದಾರೆ. ಶ್ರೇಯಸ್ ಮೊಣಕಾಲು ಕೆರೆದುಕೊಂಡಿದ್ದಾನೆ, ಗಾಬರಿಯಾಗಬೇಡ. ಇಬ್ಬರೂ ಸೇರಿ ಪ್ರೇಮಳಿಂದ ದಿನಾ ಸಂಜೆ ಪಳಂಪೊರಿ ಮಾಡಿಸಿಕೊಂಡು ತಿನ್ನುತ್ತಿದ್ದಾರೆ. ಆ ಬಜ್ಜಿಗೆ ನೇಂದ್ರ ಬಾಳೆಹಣ್ಣು ತರುವುದೇ ನನ್ನ ಕೆಲಸವಾಗಿದೆ.

ಬಂದ ದಿನ ಮಹತಿ ಬಾಗಿಲಲ್ಲಿ ನಿಂತಾಗ ಪ್ರೇಮ ಅವಳನ್ನು ನೋಡಿಯೇ ನೋಡಿದಳು. ತಲೆ ಸವರಿ, “ನನ್ನ ಭುಜದವರೆಗೆ ಬಂದಿದ್ದೀಯಲ್ಲೇ” ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಳಗೆ ಹೋಗಲು ಎದ್ದೆ. ಅಷ್ಟರಲ್ಲಿ ಮಹತಿ ಹೋಗಿ ಬಾಗಿಲು ಬಡಿದು, “ಅತ್ತೇ, ವಿಶಕ್ಕುನ್ನು” ಎಂದಳು, ಹಸಿವಾಗುತ್ತಿದೆ ಎಂದು. ಬಾಗಿಲು ತೆರೆಯಿತು. ಆ ದಿನ ಎಲ್ಲರೂ ಅಡುಗೆಮನೆಯ ನೆಲದ ಮೇಲೇ ಕೂತು ಊಟ ಮಾಡಿದೆವು.

ನಿನ್ನ ಮಗಳಿಗೆ ನಮ್ಮ ಹಾಗೆ ಮುಚ್ಚುಮರೆ ಗೊತ್ತಿಲ್ಲ. ಮರುದಿನವೇ, “ಆಕರ್ಷಿನ್ ಏಟ್ಟವುಂ ಇಷ್ಟಂ ಎಂದಾಯಿರುನ್ನು?” ಎಂದು ಕೇಳಿಬಿಟ್ಟಳು. ಅವನಿಗೆ ಎಲ್ಲಕ್ಕಿಂತ ಇಷ್ಟ ಯಾವುದಿತ್ತು ಎಂದು. ಪ್ರೇಮ ಕನ್ನಡದಲ್ಲಿ ಹೇಳುತ್ತ ಹೋದಳು, ಇವಳು ಮಲಯಾಳದಲ್ಲಿ ಕೇಳುತ್ತ ಹೋದಳು. ನಾನು ಪೇಪರು ಹಿಡಿದು ಕೂತಿದ್ದವನು ನಡುವೆ ಬಾಯಿ ಹಾಕಿ, “ಇಲ್ಲ, ಅವನಿಗೆ ಬಸ್ಸಿಗಿಂತ ದೋಣಿ ಇಷ್ಟ” ಎಂದೆ. ಆ ಮಾತಿಗೆ ಪ್ರೇಮಳಿಗೂ ನನಗೂ ಜಗಳವೇ ಆಯಿತು. ಎಷ್ಟು ಕಾಲವಾಗಿತ್ತು ಅಕ್ಕ, ನಾವಿಬ್ಬರೂ ಜಗಳವಾಡಿ.

ನಿನ್ನೆ ಶ್ರೇಯಸ್ ಕಪಾಟಿನಿಂದ ಆಕರ್ಷನ ತಗಡಿನ ಆಟೋ ತೆಗೆದು ಆಡಿ, ಅದರ ಚಕ್ರ ಕಿತ್ತುಹಾಕಿದ. ಮಹತಿಯ ಮುಖ ಬಿಳಚಿಕೊಂಡಿತು. ನಾನೂ ಗದರಲು ಹೊರಟಿದ್ದೆ. ಪ್ರೇಮ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಮಾಮನ ಹತ್ರ ಕೊಡು, ಸರಿ ಮಾಡ್ತಾರೆ. ಆಡೋಕೆ ತಾನೇ ಇರೋದು” ಎಂದಳು. ಸರಿ ಮಾಡಿದ್ದೇನೆ. ಎಡಕ್ಕೆ ಎಳೆಯುತ್ತದೆ, ಆದರೆ ಓಡುತ್ತದೆ.

ಈಗ ಮುಖ್ಯ ವಿಷಯ. ಶನಿವಾರ ಮಕ್ಕಳನ್ನು ವಾಪಸ್ಸು ಬಿಡಲು ರಜೆ ಸಿಗುತ್ತದೋ ಇಲ್ಲವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಪ್ರೇಮ ಬಟ್ಟೆ ಮಡಚುತ್ತ, “ನಾನೇ ಬಿಟ್ಟು ಬರ್ತೀನಿ” ಎಂದಳು.

“ಉಳ್ಳೂರಿಗಾ?” ಎಂದೆ.

“ಅತ್ತಿಗೆ ಮನೆ ಇನ್ನೆಲ್ಲಿದೆ?” ಎಂದಳು.

ನಾನೂ ಬರುತ್ತೇನೆ ಎಂದರೆ ಬೇಡವೆಂದಳು. ಇನ್ನೊಂದು ಸಲ ಇಬ್ಬರೂ ಹೋಗೋಣ, ಈ ಸಲ ಒಬ್ಬಳೇ ಎಂದಳು. ಸ್ಟೇಷನ್ನಿಗೆ ಭಾವನನ್ನು ಕಳಿಸಬೇಡ, ನೀನೇ ಬಾ. ಆಸ್ಪತ್ರೆಯ ಮುಂದಿನ ದಾರಿಯನ್ನು ತಪ್ಪಿಸಿ ಬೇರೆ ಕಡೆಯಿಂದ ಕರೆದುಕೊಂಡು ಹೋಗಬೇಡವೆಂದು ಅವಳೇ ನಿನಗೆ ಬರೆಯಲು ಹೇಳಿದ್ದಾಳೆ. ಅಲ್ಲಿ ಟ್ರಾಫಿಕ್ ಬ್ಲಾಕಿನಲ್ಲಿ ಆಟೋ ನಿಂತರೆ ನಿಲ್ಲಲಿ. ಮಕ್ಕಳು ಮುಂದೆ ಡ್ರೈವರ್ ಪಕ್ಕ ಕೂರಲು ಹಠ ಮಾಡುತ್ತಾರೆ, ಬಿಡಬೇಡ. ನಾಲ್ವರೂ ಹಿಂದೆಯೇ ಒತ್ತಿಕೊಂಡು ಕೂತಿರಿ.

ಇತಿ,
ಅಚ್ಯುತ